ಕೆಟ್ಟಿದ್ದು ಕೈ ಅಲ್ಲ, ಕೆಳಗಿನ ರಾಡ್

ಹೋದ ವರ್ಷ ಶ್ರಾವಣದಿಂದ ಹಿಡದು ದೀಪಾವಳಿ ತನಕ ನಮ್ಮ ಮನ್ಯಾಗ ಒಂದ ಮಾತು ನಡದಿತ್ತು, 'ಯಾಕೋ ಇಕಿ ಕೈ ಕೆಟ್ಟದ' ಅಂತ. ಇಕಿ ಅಂದ್ರ ನಾನ. ಈ ಮಾತು ಮೊದಲ ಅಂದಾಕಿನೂ ನಾನ. ಮನಿ ಮಂದಿ ಏನು, ನಾ ಅಂದಿದ್ದಕ್ಕ ಹೂಂ ಅಂದ್ರು ಅಷ್ಟ.

ವಿಷಯ ಏನಪಾ ಅಂದ್ರ, ನಮ್ಮ ಮನ್ಯಾಗ ಒಂದು ಓಟಿಜಿ ಓವನ್ ಅದ. 28 ಲೀಟರಿಂದು, 1500 ವ್ಯಾಟ್. 2016ರಾಗ ತೊಗೊಂಡಿದ್ದು. ಅದರಾಗ ನಾ ನಾನಖಟಾಯಿ, ಖಾರಾ ಬಿಸ್ಕೀಟು, ತತ್ತಿ ಹಾಕಲಾರದ ಕೇಕು ಮಾಡ್ತೀನಿ. ಮೊದಲು ಬರೇ ಮನಿಪೂರ್ತೆ ಇತ್ತು. ಆಮ್ಯಾಲೆ ಓಣ್ಯಾಗಿನವರು 'ನಮಗೂ ಒಂದ ಕಿಲೋ ಮಾಡಿ ಕೊಡ್ರಿ ವೈನಿ' ಅನ್ಲಿಕ್ಕೆ ಹತ್ತಿದ್ರು. ಹಿಂಗಾಗಿ ದೀಪಾವಳಿ ಬಂತು, ಸಂಕ್ರಾಂತಿ ಬಂತು ಅಂದ್ರ ನಂದೂ ಅಂತ ನಾಕ ದುಡ್ಡು ಕೈಯಾಗ ಆಡ್ತಾವ. ಭಾಳ ಏನಲ್ಲ. ಆದ್ರ ಅದು ನನ್ನ ರೊಕ್ಕ, ಯಾರಿಗೂ ಲೆಕ್ಕ ಕೊಡೂ ಹಂಗಿಲ್ಲ.

ಅಂಥಾದ್ದರಾಗ ಶ್ರಾವಣದಾಗ ಒಂದು ಕೇಕ್ ಕೆಟ್ಟತು. ಮ್ಯಾಲೆ ಸುಟ್ಟು ಕರ್ರಗ, ನಡುವ ಚಾಕು ಚುಚ್ಚಿದ್ರ ಹಸೀ ಹಿಟ್ಟು ಹತ್ತಿಗೊಂಡು ಬಂತು. ಇರಲಿ, ಒಮ್ಮೊಮ್ಮೆ ಆಗ್ತದ ಅಂತ ಬಿಟ್ಟೆ. ಮುಂದ ನಾನಖಟಾಯಿ ಮಾಡಿದ್ರ ಮ್ಯಾಲೆ ಕೆಂಪಗ, ತಳಾ ಮಾತ್ರ ಹಿಟ್ಟು ಹಚ್ಚಿದಂಗ ಬೆಳ್ಳಗ. ಕೈಯಾಗ ಹಿಡದ್ರ ಪುಡಿ ಪುಡಿ. ನಾ ಮೈದಾಕ್ಕ ಬೈದೆ. ತುಪ್ಪಾ ಬದಲ ಮಾಡಿದೆ. ಬೇಕಿಂಗ್ ಪೌಡರ್ ಹಳೇದಾಗೇದ ಅಂತ ಹೊಸಾ ಡಬ್ಬಿ ತಂದೆ. 180 ಡಿಗ್ರಿ ಇಡೂದನ್ನ 200ಕ್ಕ ಏರಿಸಿದೆ, ಮ್ಯಾಲೆ ಇನ್ನೂ ಲಗೂ ಸುಟ್ಟತು, ಕೆಳಗ ಹಂಗ ಹಸೀ ಉಳೀತು. ಹತ್ತ ನಿಮಿಷಕ್ಕ ಕಾಯೂ ಓವನ್ ಇಪ್ಪತ್ತ ನಿಮಿಷ ತೊಗೊಳ್ಳಿಕ್ಕೆ ಹತ್ತಿದ್ರೂ 'ವೋಲ್ಟೇಜ್ ಇಲ್ಲ ಕಾಣಸ್ತದ' ಅಂದೆ. ಒಬ್ಬರಿಗೆ ಕೊಟ್ಟ ಎರಡ ಕಿಲೋ ನಾನಖಟಾಯಿ ರೊಕ್ಕ ಅರ್ಧಾ ವಾಪಸ್ ಕೊಟ್ಟು ಬಂದೆ. ಅವರೇನು ಕೇಳಿದ್ದಿಲ್ಲ, ನನಗ ನಾಚಿಕಿ ಆಗಿ ಕೊಟ್ಟೆ. ದೀಪಾವಳಿ ಆರ್ಡರ್ ಹಿಡೀಬಾರದು ಅಂತನೂ ಮನಸಿನ್ಯಾಗ ಮಾಡಿಬಿಟ್ಟಿದ್ದೆ.

ಇದನ್ನ ಹಿಡದವರು ನಮ್ಮ ಅತ್ತಿ. ಅವರಿಗೆ ಎಪ್ಪತ್ತೆಂಟು ವರ್ಷ, ಓವನ್ನಿನ ಗುಂಡಿ ಒಂದ ದಿವಸಾನೂ ತಿರುವಿದವರಲ್ಲ. ಒಂದಿನ ಮುಂಜಾನೆ ಓಟಿಜಿ ಒಳಗ ಬ್ರೆಡ್ ಕಾಯಿಸಿ ಕೊಟ್ಟೆ. ಅವರು ಹೊಳ್ಳಿಸಿ ನೋಡಿ, 'ಅಲ್ಲ, ಒಂದ ಮಗ್ಗಲ ಕೆಂಪಗಾಗೇದ, ಇನ್ನೊಂದು ಹಂಗ ಅದ. ನೀ ಹೊಳ್ಳಿಸಿ ಹಾಕಲಿಲ್ಲೇನು?' ಅಂದ್ರು. 'ಇದರಾಗ ಹೊಳ್ಳಿಸೂದು ಬ್ಯಾಡ್ರಿ ಅತ್ತಿ, ಮ್ಯಾಲಿಂದೂ ಕೆಳಗಿಂದೂ ಎರಡೂ ಕಡೆ ಕಾವು ಬರ್ತದ' ಅಂದೆ. ಅಂದಾಕಿ ಬಾಯಿ ತಗದಾಕಿ ಹಂಗ ನಿಂತೆ.

ಗುಂಡಿ ಬರೇ ಕೆಳಗಿನ ರಾಡಿಗೆ ತಿರುವಿ, ಐದ ನಿಮಿಷ ಬಿಟ್ಟು ಬಾಗಲಾ ತಗದು ನೋಡಿದೆ. ತಣ್ಣಗ. ಫ್ರಿಜ್ಜಿನಷ್ಟ ತಣ್ಣಗ ಅಂದ್ರೂ ನಡೀತದ. ಮೂರ ತಿಂಗಳ ನಾ ಅರ್ಧಾ ಸತ್ತ ಓವನ್ನಿನೊಳಗ ಕೇಕ್ ಮಾಡಿ, ಬೈಸಿಗೊಂಡಿದ್ದು ಮಾತ್ರ ನನ್ನ ಕೈ!

ಇವತ್ತ ನಾ ಹೇಳಬೇಕು ಅಂತಿರೂದು ಇಷ್ಟ. ಮನ್ಯಾಗ ಒಂದು ಸಾಮಾನ ನಡೀಲಾರದಂಗಾದ್ರ ನಾವು ಎರಡ ಮಾತಾಡ್ತೀವಿ. ಹೆಣ್ಮಕ್ಕಳು 'ನಂದ ಏನೋ ತಪ್ಪಾಗೇದ' ಅಂತೀವಿ. ಗಂಡಸರು 'ಹೊಸಾದು ಎಷ್ಟಕ್ಕ ಬರ್ತದ?' ಅಂತಾರ. ನಡುವ ಕೇಳಬೇಕಾದ ಒಂದು ಮಾತು ಯಾರೂ ಕೇಳೂದುಲ್ಲ, 'ಅದಕ್ಕ ಏನಾಗೇದ?' ಅಂತ.

ನಮ್ಮನಿಯವರೂ ಹಂಗ ಮಾಡಿದ್ರು. ನಾ ಓವನ್ ಕೆಟ್ಟದ ಅಂತ ಪೂರಾ ಹೇಳಿ ಮುಗಸೂದ್ರಾಗ ಫೋನ್ ತಗದು, 'ಏಳೂವರಿ ಸಾವಿರಕ್ಕ ಹೊಸಾದು ಬರ್ತದ, ನಾಳಿಗೆ ಮನಿಗೆ ತಂದ ಕೊಡ್ತಾರ' ಅಂದ್ರು. ಅವರದೂ ತಪ್ಪಿಲ್ಲ. ಕಂಪನಿ ಸರ್ವೀಸಿಗೆ ಫೋನ್ ಮಾಡಿದ್ರ ಅವರೂ ಅದ ಹೇಳಿದ್ರು. ಆ ಮಾಡೆಲ್ ಬಂದ್ ಆಗೇದಂತ, ಪಾರ್ಟ್ ಬರೂದುಲ್ಲಂತ, ಹಳೇದು ಕೊಟ್ರ ಹೊಸಾದ್ರಾಗ ಸ್ವಲ್ಪ ಬಿಡ್ತಾರಂತ. ಏನಾಗೇದ ಅಂತ ಅವರೂ ಕೇಳಲಿಲ್ಲ.

ಖರೇ ನೋಡಿದ್ರ ಆ ಡಬ್ಬಿಯೊಳಗ ಇರೂದಾದ್ರೂ ಏನು? ಪತ್ರಾದ ಒಂದು ಪೆಟಗಿ, ಕಾವು ಹಿಡಿಯೂ ಒಂದು ಥರ್ಮೋಸ್ಟಾಟ್, ಟೈಮರ್, ಒಂದು ಸ್ವಿಚ್ಚು, ನಾಕ ರಾಡು. ರಾಡ್ ಅಂದ್ರ ಸ್ಟೀಲಿನ ಸಣ್ಣ ಕೊಳವಿ. ಅದರ ನಡುವ ಸ್ಪ್ರಿಂಗಿನ ಹಂಗ ಸುತ್ತಿದ ನೈಕ್ರೋಮ್ ತಂತಿ, ತಂತಿ ಸುತ್ತ ಮ್ಯಾಗ್ನೀಷಿಯಂ ಆಕ್ಸೈಡ್ ಅನ್ನೂ ಬಿಳೇ ಪುಡಿ ಗಟ್ಟಿ ತುಂಬಿರ್ತದ. ಆ ಪುಡಿ ಭಾಳ ಶ್ಯಾಣ್ಯಾದು. ಕಾವು ಹೊರಗ ಬಿಡ್ತದ, ಕರೆಂಟ್ ಮಾತ್ರ ಬಿಡೂದುಲ್ಲ. ನೈಕ್ರೋಮ್ ಅಂದ್ರ ನಿಕಲ್ ಮತ್ತ ಕ್ರೋಮಿಯಂ ಕೂಡಿಸಿದ್ದು. ಅಮೇರಿಕಾದ ಆಲ್ಬರ್ಟ್ ಮಾರ್ಶ್ ಅನ್ನಾವ 1906ರಾಗ ಇಂಥಾ ತಂತಿಗೆ ಪೇಟೆಂಟ್ ತೊಗೊಂಡ. ಕೆಂಪಗ ಕಾದ್ರೂ ಲಗೂ ಸುಟ್ಟು ಹೋಗಲಾರದ ತಂತಿ ಅದು. ನಮ್ಮ ಟೋಸ್ಟರು, ಇಸ್ತ್ರಿ, ಗೀಝರು ಎಲ್ಲಾದರ ಹೊಟ್ಟಿಯೊಳಗೂ ಈ ಜಾತಿ ತಂತಿನ ಇರೂದು.

ಸುಡೂದುಲ್ಲ ಅಂದ್ರ ಸಾಯೂದುಲ್ಲ ಅಂತ ಅಲ್ಲ. ಕಾಯೂದು, ಆರೂದು, ಹಿಗ್ಗೂದು, ಕುಗ್ಗೂದು, ವರ್ಷಾನಗಟ್ಟಲೆ ಇದ ನಡದ್ರ ತಂತಿ ಎಲ್ಲೋ ಒಂದ ಕಡೆ ತೆಳ್ಳಗಾಗ್ತದ. ತೆಳ್ಳಗಾದಲ್ಲೆ ಕಾವು ಜಾಸ್ತಿ, ಕಾವು ಜಾಸ್ತಿ ಆದಲ್ಲೆ ಇನ್ನೂ ತೆಳ್ಳಗ. ಒಂದಿನ ಪಟ್ ಅಂತ ಹರೀತದ. ಹೊರಗಿಂದ ನೋಡಿದ್ರ ಕೊಳವಿ ಹಂಗ ಇರ್ತದ, ಏನೂ ತಿಳಿಯೂದುಲ್ಲ.

ನಮ್ಮದರಾಗ ಮ್ಯಾಲೆ ಎರಡು, ಕೆಳಗ ಎರಡು ರಾಡು. ಕೆಳಗಿನ ಎರಡೂ ಕೂಡಿ ಒಂದ ಸಾಲಿನ್ಯಾಗ ಜೋಡಿಸ್ಯಾರ, ಹಳೇ ಕಾಲದ ದೀಪಾವಳಿ ಲೈಟಿನ ಸರಾ ಇರ್ತಿತ್ತಲಾ, ಹಂಗ. ಒಂದು ಬಲ್ಬ್ ಹೋದ್ರ ಸರಾನ ಆರಿಬಿಡ್ತಿತ್ತು. ಇಲ್ಲೂ ಹಂಗ ಆಗಿತ್ತು, ಒಂದು ಸತ್ತಿತ್ತು, ಎರಡೂ ತಣ್ಣಗಾಗಿದ್ವು. ಇದೆಲ್ಲಾ ನನಗ ಆಮ್ಯಾಲೆ ತಿಳೀತು. ಮೊದಲು ನಾವು ಒಂದು ಛಂದ ಗೊಂದಲಾ ಮಾಡಿಕೊಂಡ್ವಿ.

ನನ್ನ ಮಗ ಪಿಯುಸಿ ಎರಡನೇ ವರ್ಷ. ಅವಂಗ ಕರೆಂಟಿನ ಎಲ್ಲಾ ಸೂತ್ರ ಬಾಯಿಪಾಠ, ಸ್ಕ್ರೂಡ್ರೈವರ್ ಹಿಡದವನ ಅಲ್ಲ. ಪ್ಲಗ್ ತಗದು, ಒಂದ ರಾತ್ರಿ ತಣ್ಣಗಾಗಲಿಕ್ಕೆ ಬಿಟ್ಟು, ಮರುದಿವಸ ಹಾಲಿನ ನಡುವ ಹಳೇ ಚಾದರ ಹಾಸಿ ಬಾಜೂದ ಪತ್ರಾ ಬಿಚ್ಚಿದ್ವಿ. ಬಿಚ್ಚೂಕಿಂತ ಮೊದಲು ಎಲ್ಲಾ ವೈರಿನ ಫೋಟೋ ತೊಗೊಂಡ್ವಿ. ಇದೊಂದ ನಾವು ಮಾಡಿದ ಶ್ಯಾಣ್ಯಾತನ. ರಾಡಿನ ಎರಡೂ ತುದಿಗೆ ಪಿಂಗಾಣಿ ಮಣಿ, ಒಂದೊಂದು ನಟ್ಟು, ಅಷ್ಟ. ಹೊರಗ ತಗದು ಸ್ಕೇಲ್ ಹಚ್ಚಿ ಉದ್ದಾ ಅಳದು, ಅಷ್ಟ ಉದ್ದದ್ದು ಎರಡ ರಾಡ್ ಆನ್‌ಲೈನ್ ಒಳಗ ತರಿಸಿದ. ಆರುನೂರು ರೂಪಾಯಿ. ಬಂದ್ವು, ಬರೋಬ್ಬರಿ ಕೂತ್ವು. ಚಾಲೂ ಮಾಡಿದ್ರ ಬೆಚ್ಚಗೂ ಆದ್ವು. ನಮ್ಮ ಸಂಭ್ರಮಾ ಏನ ಕೇಳ್ತೀರಿ!

ನಾನಖಟಾಯಿ ತಳಾ ಮತ್ತ ಬೆಳ್ಳಗ. ಮೊದಲಿನಷ್ಟ ಹಸೀ ಅಲ್ಲ, ಆದ್ರ ಕೆಂಪಗೂ ಅಲ್ಲ. ನಮ್ಮನಿಯವರು ಏನೂ ಅನ್ನಲಿಲ್ಲ, ಫೋನ್ ತಗದು ಆ ಏಳೂವರಿ ಸಾವಿರದ್ದು ಇನ್ನೂ ಅದನೋ ಇಲ್ಲೋ ನೋಡಿದ್ರು. ಅಂದಿದ್ರ ಛಲೋ ಇತ್ತು.

ಆವಾಗ ನಾ ಹಳೇ ರಾಡು, ಹೊಸಾ ರಾಡು ಎಲ್ಲಾ ಒಂದು ಚೀಲದಾಗ ಹಾಕ್ಕೊಂಡು ಹುಬ್ಬಳ್ಳಿ ದುರ್ಗದ ಬೈಲಿಗೆ ಹೋದೆ. ಅಲ್ಲೆ ಹತ್ರ ಒಂದು ಗಲ್ಲಿಯೊಳಗ ಮಿಕ್ಸರ್, ಇಸ್ತ್ರಿ ರಿಪೇರಿ ಮಾಡೂ ಒಬ್ಬ ಅಜ್ಜಾರು ಕೂಡ್ತಾರ. ನಿಂತ್ರ ಇಬ್ಬರು, ಕೂತ್ರ ಒಬ್ಬರು ಹಿಡಿಯೂ ಅಂಗಡಿ. ಅವರು ಮಾತ ಆಡಲಿಲ್ಲ. ಮೀಟರ್ ತಗದು ಹಳೇ ರಾಡಿಗೆ ಹಚ್ಚಿದ್ರು. ಒಂದಕ್ಕ ಮುಳ್ಳು ಅಲುಗಲೇ ಇಲ್ಲ, 'ಇದು ಹೋಗೇದ' ಅಂದ್ರು. ಇನ್ನೊಂದಕ್ಕ 35 ಓಮ್ ತೋರಿಸ್ತು. ಆನ್‌ಲೈನಿಂದು ಹಚ್ಚಿದ್ರು, ಒಂದೊಂದೂ 70 ಓಮ್. 'ಅಕ್ಕಾರ, ಉದ್ದಾ ನೋಡಿ ತರಿಸೀರಿ. ರಾಡ್ ಅಂದ್ರ ಬಳಿ ಏನ್ರಿ, ಅಳತಿ ಕೂತ್ರ ಸಾಕು ಅನ್ಲಿಕ್ಕೆ?' ಅಂದ್ರು.

ಮನಿಗೆ ಬಂದು ಮಗನ್ನ ಕೂಡಿಸಿ ಲೆಕ್ಕಾ ಮಾಡಿಸಿದೆ. ಕೆಳಗಿನ ಜೋಡಿ 750 ವ್ಯಾಟ್ ಕೊಡಬೇಕು. 230 ವೋಲ್ಟನ್ನ 230ರಿಂದ ಗುಣಸಿ 750ರಿಂದ ಭಾಗಿಸಿದ್ರ ಸುಮಾರು 70 ಓಮ್ ಬರ್ತದ. ಅದು ಎರಡ ರಾಡು ಕೂಡಿ ಇರಬೇಕಾದ್ದು, ಅಂದ್ರ ಒಂದೊಂದಕ್ಕ 35. ನಾವು ಹಾಕಿದ್ದು ಒಂದೊಂದೂ 70, ಕೂಡಿ 140. ಹಿಂಗಾಗಿ ಕಾವು ಸರೀ ಅರ್ಧಾ. ಇದರ ಉಲ್ಟಾ ಆಗಿದ್ರ ಇನ್ನೂ ಗಂಡಾಂತರ. ಜೋಡೀಲೆ ನಡಿಯೂ 35 ಓಮಿನ ರಾಡನ್ನ ಒಂದನ್ನ ತಂದು ಸೀದಾ 230 ವೋಲ್ಟಿಗೆ ಹಚ್ಚಿದ್ರ ಅದು ಹೊರಬೇಕಾದ್ದಕ್ಕಿಂತ ನಾಕ ಪಟ್ಟು ಭಾರಾ ಹೊರತದ. ನನ್ನ ಮಗ ಆ ಸೂತ್ರಾ ಪರೀಕ್ಷಾದಾಗ ಎಷ್ಟು ಸರ್ತೆ ಬರದಾನೋ ಏನೋ. ಅದಕ್ಕೂ ನಾನಖಟಾಯಿ ತಳಕ್ಕೂ ಸಂಬಂಧ ಅದ ಅಂತ ಅವತ್ತ ಅವಂಗ ಗೊತ್ತಾತು.

ಅಜ್ಜಾರ ಕಡೆ ಆ ಅಳತಿದು, ಆ ಓಮಿಂದು ರಾಡ್ ಇತ್ತು. ಒಂದಕ್ಕ 180 ರೂಪಾಯಿ. 'ಒಂದ ಹೋಗೇದ, ಇನ್ನೊಂದೂ ಅದರ ವಾರಗೀದ. ನಿಮ್ಮ ಮರ್ಜಿ' ಅಂದ್ರು. ಎರಡೂ ತೊಗೊಂಡೆ, 360. ಮೀಟರ್ ಹಚ್ಚಿ ಹುಳುಕು ಹೇಳಿದ್ದಕ್ಕ ಎಷ್ಟು ಅಂದ್ರ, 'ಅದಕ್ಕೇನ ತೊಗೊಳ್ಳೂದ್ರಿ' ಅಂದ್ರು. ಇಲ್ಲೆ ನನಗ ಒಂದು ತಕರಾರು ಅದ. ಅವರ ಮ್ಯಾಲೆ ಅಲ್ಲ, ನಮ್ಮ ಮ್ಯಾಲೆ. ನಾವು ಸಾಮಾನಕ್ಕ ರೊಕ್ಕಾ ಕೊಡ್ತೀವಿ, ತಿಳವಳಿಕಿಗೆ ಕೊಡೂದುಲ್ಲ. 'ಬರೇ ಮೀಟರ್ ಹಚ್ಚಿ ನೋಡಿದ್ದಕ್ಕ ನೂರ ರೂಪಾಯೇನ?' ಅಂತ ಜಗಳಾ ತಗೀತೀವಿ. ಆದ್ರ ಆ ಅಜ್ಜಾರು ಎರಡ ನಿಮಿಷದಾಗ ಹೇಳಿದ್ದು ನನಗ ಏಳ ಸಾವಿರ ಉಳಿಸ್ತು. ನೂರು ಒತ್ತಾಯಲೇ ಕೊಟ್ಟು ಬಂದೆ. ಕೊಡಲಿಲ್ಲಂದ್ರ ಆ ಅಂಗಡ್ಯಾಗ ಅವರ ಹಿಂದ ಮತ್ತೊಬ್ಬರು ಕೂಡೂದುಲ್ಲ, ಆಮ್ಯಾಲೆ ನಮಗ 'ಹೊಸಾದು ತೊಗೊಳ್ರಿ' ಅನ್ನೂ ಫೋನ್ ನಂಬರ್ ಒಂದ ಗತಿ.

ಇನ್ನ ಹೆದರಿಕಿ ಮಾತು. ನಮ್ಮನಿಯವರ ಹೆದರಿಕಿ ಸುಳ್ಳಲ್ಲ. 'ಏಳ ಸಾವಿರ ಉಳಸ್ಲಿಕ್ಕೆ ಹೋಗಿ ಝಟಕಾ ಹೊಡೀತು ಅಂದ್ರ?' ಅಂದ್ರು. ಕರೆಂಟು ಮಾಮಾನ ಮನಿ ಅಲ್ಲ, ಒಪ್ಪತೀನಿ. ಆದ್ರ ಒಂದು ನೆನಪು ಹೇಳ್ತೀನಿ. ನಮ್ಮ ಅಪ್ಪನ ಮನ್ಯಾಗ ಕಾಯಿಲ್ ಒಲಿ ಇತ್ತು. ಪಿಂಗಾಣಿ ತಟ್ಟಿಯೊಳಗ ಗೆರಿ ಕೊರದು, ಅದರಾಗ ಕಾಯಿಲ್ ಕೂಡಿಸಿದ್ದು. ವರ್ಷಕ್ಕ ಒಂದೆರಡ ಸರ್ತೆ ಹರೀತಿತ್ತು. ಅಪ್ಪ ಅಂಗಡಿಯಿಂದ ಹೊಸಾ ಕಾಯಿಲ್ ತಂದು, ನಮ್ಮನ್ನ ಒಂದ ತುದಿ ಹಿಡೀ ಅಂದು, ಸಮಾ ಎಳದು, ಗೆರಿಯೊಳಗ ಕೂಡಸ್ತಿದ್ದ. ಅವ ಎಂಜಿನಿಯರ್ ಅಲ್ಲ, ಸಾಲಿ ಮಾಸ್ತರ. ಆ ಒಲಿ ಈಗಿನ ಓವನ್ನಿಗಿಂತ ಹತ್ತ ಪಟ್ಟು ಧೋಕಾದ್ದು, ತಂತಿ ಬರೀ ಮೈಲೆ ಕೂತಿರ್ತಿತ್ತು. ಅದು ಹೋಗಿದ್ದ ಛಲೋ ಆತು. ಆದ್ರ ತಂತಿ ಕೊಳವಿಯೊಳಗ ಹೋಗಿ ಸುರಕ್ಷಿತ ಆದಮ್ಯಾಲೆ ನಮ್ಮ ಹೆದರಿಕಿ ಕಡಿಮಿ ಆಗಬೇಕಿತ್ತು, ಜಾಸ್ತಿ ಆಗೇದ. ಕಣ್ಣಿಗೆ ಕಾಣಲಾರದ್ದಕ್ಕ ಹೆದರತೀವಿ, ನೋಡಲಿಕ್ಕಂತೂ ಹೋಗೂದುಲ್ಲ.

ಹಂಗಂತ ಎಲ್ಲಾ ಬಿಚ್ಚಬ್ಯಾಡ್ರಿ. ಓಟಿಜಿ ಬ್ಯಾರೆ, ಮೈಕ್ರೋವೇವ್ ಬ್ಯಾರೆ. ಮೈಕ್ರೋವೇವಿನ ಒಳಗ ಕೆಪಾಸಿಟರ್ ಇರ್ತದ. ಪ್ಲಗ್ ತಗದಮ್ಯಾಲೂ ಜೀವಾ ತೊಗೊಳ್ಳೂವಷ್ಟು ಕರೆಂಟ್ ಹಿಡಕೊಂಡು ಕೂತಿರಬಹುದು. ಅದರ ಪತ್ರಾಕ್ಕ ಕೈ ಹಚ್ಚೂ ಕೆಲಸಾ ಕಲತವರದ. ಓಟಿಜಿನೂ ಮುಟ್ಟಿದ್ರ ಝುಂ ಅಂತಿದ್ರ, ವೈರ್ ಸುಟ್ಟು ಕರಕಾಗಿದ್ರ, ಒಳಗ ಜಂಗ ಹಿಡದು ತೂತು ಬಿದ್ದಿದ್ರ ರಿಪೇರಿ ಹಟಾ ಬಿಡ್ರಿ. ಅದನ್ನ ಕಸದಾಗೂ ಒಗೀಬ್ಯಾಡ್ರಿ, ಈ-ಕಸಾ ತೊಗೊಳ್ಳವರಿಗೆ ಕೊಡ್ರಿ.

ಬರೇ ರಾಡ್ ಹೋಗಿದ್ದು ಅಂದ್ರ ಮಾತ್ರ ಅದು ಕೈಲಾಗೂ ಕೆಲಸ. ಅಜ್ಜಾರು ಹೇಳಿದ ನಾಕ ಮಾತು ನಿಮಗೂ ಹೇಳ್ತೀನಿ. ಒಂದು, ಪ್ಲಗ್ ತಗದು ನಿಮ್ಮ ಕಣ್ಣ ಮುಂದ ಇಟಗೋರಿ, ಬರೇ ಸ್ವಿಚ್ ಬಂದ್ ಮಾಡಿದ್ರ ಸಾಲೂದುಲ್ಲ. ಎರಡು, ನಟ್ಟು ಬಿಗಿಯಾಗಿರಬೇಕು. ಸಡ್ಲ ಇದ್ದಲ್ಲೆ ಕಾವು ಹುಟ್ಟಿ ವೈರ್ ಸುಡ್ತದ. ವೈರ್ ಬದಲಿ ಮಾಡೂದಿದ್ರ ಕಾವು ತಾಳೂವಂಥಾದ್ದ ಬೇಕು, ಮನಿ ವೈರಿಂಗಿನ ಪ್ಲಾಸ್ಟಿಕ್ಕಿಂದು ಕರಗಿ ಹೋಗ್ತದ. ಮೂರು, ಹಸರ ಅರ್ಥ್ ವೈರು ಇದ್ದ ಜಾಗಾಕ್ಕ ತಿರಗಿ ಹೋಗಬೇಕು. ಪತ್ರಾ ಮುಚ್ಚೂಕಿಂತ ಮೊದಲು ರಾಡಿನ ತುದಿಗೂ ಡಬ್ಬಿಯ ಮೈಗೂ ಕರೆಂಟಿನ ದಾರಿ ಇಲ್ಲ ಅಂತ ಮೀಟರ್ ಹಚ್ಚಿ ನೋಡಬೇಕು. ನಾಕು, ಮೊದಲನೇ ಸರ್ತೆ ಖಿಡಕಿ ತಗದಿಟ್ಟು ಖಾಲಿ ಓವನ್ ಹದಿನೈದಿಪ್ಪತ್ತು ನಿಮಿಷ ಕಾಯಿಸ್ರಿ, ಹೊಸಾ ರಾಡಿನ ಮ್ಯಾಲಿನ ಎಣ್ಣಿ ಹೊಗಿ ಆಗಿ ಹೋಗ್ತದ. ಇನ್ನೊಂದು ನಂದ ಕಡಿಂದ: 1500 ವ್ಯಾಟಿನ ಓವನ್ ಆರೂವರಿ ಆಂಪಿಯರ್ ಎಳೀತದ. ಅದನ್ನ ಮೊಬೈಲ್ ಹಚ್ಚೂ 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಕನ್ವರ್ಟರ್ ಹಾಕಿ ಜೋಡಸೂ ಚಟಾ ಬಿಡ್ರಿ, 16 ಆಂಪಿಯರಿನ ದೊಡ್ಡ ಪ್ಲಗ್ಗ ಬೇಕು.

ಸರಕಾರಕ್ಕೂ ಈ ವಿಷಯ ಗೊತ್ತಿಲ್ಲಂತಲ್ಲ. 2022ರ ಜುಲೈದಾಗ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಅನ್ನೂದರ ಮ್ಯಾಲೆ ಒಂದು ಸಮಿತಿ ಮಾಡ್ತು. ರೈತರ ಉಪಕರಣ, ಮೊಬೈಲ್, ಗಾಡಿ, ಮನೀ ಸಾಮಾನ, ಹಿಂಗ ನಾಕ ವಿಭಾಗ ಆರಿಸ್ಕೊಂಡು ಅದಕ್ಕಂತ ಒಂದು ಪೋರ್ಟಲ್ಲೂ ತಗದ್ರು. ಛಲೋ ಆತು. ನಂದು ಮಾತ್ರ ಭಾಳ ಸಣ್ಣ ಬೇಡಿಕಿ. ಓವನ್ನಿನ ಹಿಂದ 230 ವೋಲ್ಟ್, 1500 ವ್ಯಾಟ್ ಅಂತ ಚೀಟಿ ಅಂಟಸ್ತೀರಲಾ, ಅದರ ಕೆಳಗ ಇನ್ನೊಂದ ಸಾಲು ಬರೀರಿ: ಒಳಗಿನ ರಾಡ್ ಎಷ್ಟ ಉದ್ದಾ, ಎಷ್ಟ ಓಮ್, ಒಂಟಿಯೋ ಜೋಡಿಯೋ. ಒಂದ ಹನಿ ಮಸಿ ಖರ್ಚು. ಮಾಡೆಲ್ ಬಂದ್ ಆದ್ರೂ ದುರ್ಗದ ಬೈಲಿನ ಅಜ್ಜಾರು ಬಂದ್ ಆಗೂದುಲ್ಲ.

ಮುಂದೇನಾತು ಅಂದ್ರ, ದೀಪಾವಳಿ ಆರ್ಡರ್ ಬ್ಯಾಡ ಅಂದಾಕಿ ಐದ ಕಿಲೋ ಹಿಡದೆ. ರಾಡ್ ಕೂಡಿಸಿದ್ದು ನಾ, ಬ್ಯಾಟ್ರಿ ಹಿಡದು ನಿಂತಿದ್ದು ನಮ್ಮನಿಯವರು. ಮೊದಲನೇ ತಟ್ಟಿ ಹೊರಗ ತಗದು ಒಂದನ್ನ ಹೊಳ್ಳಿಸಿ ನೋಡಿದೆ. ತಳಾ ತಿಳೀ ಕೆಂಪು, ಗೋದಿ ಬಣ್ಣ. ರೊಕ್ಕಾ ವಾಪಸ್ ಕೊಟ್ಟು ಬಂದಿದ್ನಲಾ, ಅವರಿಗೆ ಅರ್ಧಾ ಕಿಲೋ ಒಯ್ದು ಕೊಟ್ಟು, 'ಅವತ್ತ ಕೈ ಕೆಟ್ಟಿದ್ದಿಲ್ರಿ, ರಾಡ್ ಕೆಟ್ಟಿತ್ತು' ಅಂತ ಹೇಳಿ ಬಂದೆ. ಅವರಿಗೆ ಏನ ತಿಳೀತೋ ಬಿಟ್ಟತೋ, ನನಗ ಹೇಳಬೇಕಾಗಿತ್ತು.

ನಿಮ್ಮ ಮನ್ಯಾಗೂ ಓಟಿಜಿ ಇದ್ರ ಇವತ್ತ ಸಂಜಿಮುಂದ ಎರಡ ತುಣುಕು ಬ್ರೆಡ್ ಒಳಗ ಇಟ್ಟು ಎರಡೂ ರಾಡ್ ಹಚ್ಚಿ ಕಾಯಿಸ್ರಿ, ಆಮ್ಯಾಲೆ ಹೊಳ್ಳಿಸಿ ನೋಡ್ರಿ. ಎರಡೂ ಮಗ್ಗಲ ಕೆಂಪಗಿದ್ರ ಚಹಾದ ಜೋಡಿ ತಿನ್ರಿ. ಒಂದ ಮಗ್ಗಲ ಬೆಳ್ಳಗಿದ್ರ ನಿಮ್ಮ ಕೈಗೆ ಏನೂ ಆಗಿಲ್ಲ, ಸ್ಕ್ರೂಡ್ರೈವರ್ ಹುಡಕ್ರಿ.